ಇಬ್ಬರ ಸಹಿ

ಮಾರ್ಚ್ ೪

ತಮ್ಮನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ನನ್ನದೆಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಮೂಲೆಗೆ ಎಸೆದಿರಬಹುದೆಂಬ ಅನುಮಾನ ನನಗಿಲ್ಲ. ಅಕ್ಷರ ಚೆನ್ನಾಗಿದ್ದರೆ ನೀನು ವಕೀಲರ ನೋಟಿಸನ್ನೂ ಎರಡು ಸಲ ಓದುವವನು.

ಮೂರು ವರ್ಷದ ಕ್ಷೇಮಸಮಾಚಾರವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: ನಾನು ಚೆನ್ನಾಗಿದ್ದೇನೆ, ಅಂಗಡಿ ನಡೆಯುತ್ತಿದೆ, ಬೋರ್ಡು ಬರೆಯಲು ಏಣಿ ಹತ್ತುವಾಗ ಮೊಣಕಾಲು ಮಾತ್ರ ಗೊಣಗುತ್ತದೆ. ಇನ್ನು ವಿಷಯಕ್ಕೆ ಬರುತ್ತೇನೆ.

ನಮ್ಮ ಅಂಗಡಿಯ ಕಟ್ಟಡವನ್ನು ಪಕ್ಕದ ಕನ್ನಡಕದಂಗಡಿಯವರು ಮಾರುತ್ತಿದ್ದಾರೆ. ಅಮ್ಮನ ಕಾಲದಿಂದ ನಾವು ಬಾಡಿಗೆ ಕೊಡುತ್ತಾ ಬಂದ ಅದೇ ಯಜಮಾನರು. ವಯಸ್ಸಾಯಿತು, ಅಂಗಡಿ ಮುಚ್ಚಿ ಮಗಳ ಊರಿಗೆ ಹೋಗುತ್ತಾರಂತೆ. ಮೊಬೈಲ್ ಮಾರುವ ಕಂಪನಿಯೊಂದು ಅವರದನ್ನೂ ನಮ್ಮದನ್ನೂ ಸೇರಿಸಿ ಕೊಳ್ಳಲು ತುದಿಗಾಲಲ್ಲಿ ನಿಂತಿದೆ. ಆದರೂ ಮೊನ್ನೆ ಅವರೇ ಬಂದು, "ನಿಮ್ಮಮ್ಮ ಬರೆದ ಬೋರ್ಡಿನ ಕೆಳಗೇ ನಾನು ಇಷ್ಟು ವರ್ಷ ವ್ಯಾಪಾರ ಮಾಡಿದ್ದು. ನಿಮ್ಮ ಭಾಗ ನೀವು ತಗೊಳ್ಳೋದಾದ್ರೆ ಮೊದಲು ನಿಮಗೇ. ಮುಂಗಡ ಮಾತ್ರ ಬೇಗ ಕೊಟ್ಬಿಡಿ," ಎಂದರು. ನಾನು ಹೂಂ ಅಂದುಬಿಟ್ಟೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನೂ ಹೂಂ ಅನ್ನುತ್ತಿದ್ದೆ, ಒಂದು ವಾರ ಮುಖ ಊದಿಸಿಕೊಂಡ ಮೇಲೆ.

ಅಮ್ಮ ನಮ್ಮಿಬ್ಬರ ಹೆಸರಿನಲ್ಲಿ ಇಟ್ಟುಹೋದ ಖಾತೆಯನ್ನು ಈವರೆಗೆ ಯಾರೂ ಮುಟ್ಟಿಲ್ಲ. ಅದರಿಂದ ಹಣ ತೆಗೆಯಬೇಕಾದರೆ ಚೆಕ್ಕಿನ ಮೇಲೆ ಇಬ್ಬರ ಸಹಿಯೂ ಇರಬೇಕು. ಅಮ್ಮ ಬ್ಯಾಂಕಿನ ಮೇಜಿನ ಮೇಲೆ ಬೆರಳು ಕುಟ್ಟುತ್ತಾ, "ಇವರಿಬ್ರೂ ಸಹಿ ಹಾಕಿದ್ರೆ ಮಾತ್ರ ಕೊಡಿ. ಒಬ್ಬರೇ ಬಂದು ಅತ್ತರೂ ಕೊಡಬೇಡಿ," ಎಂದದ್ದು ನಿನಗೂ ನೆನಪಿರಬೇಕು. ಆಗ ನಾವಿಬ್ಬರೂ ನಕ್ಕಿದ್ದೆವು.

ಚೆಕ್ಕು ಇದರ ಜೊತೆಗಿದೆ. ಹೆಸರು, ತಾರೀಖು, ಮೊತ್ತ ಎಲ್ಲ ಬರೆದಿದ್ದೇನೆ. ಮೇಲಿನ ಎಡಮೂಲೆಯಲ್ಲಿ ಎರಡು ಗೆರೆ ಎಳೆದು, ಪಡೆಯುವವರ ಖಾತೆಗೆ ಮಾತ್ರ ಎಂದೂ ಬರೆದಿದ್ದೇನೆ. ದಾರಿಯಲ್ಲಿ ಕಳೆದು ಯಾರ ಕೈಗೆ ಸಿಕ್ಕರೂ ಕೌಂಟರಿನಲ್ಲಿ ಕೊಟ್ಟು ನೋಟು ಎಣಿಸಿಕೊಳ್ಳುವ ಹಾಗಿಲ್ಲ, ಆದ್ದರಿಂದ ನೀನು ಅದನ್ನು ಹಿಡಿದುಕೊಂಡು ಗಾಬರಿಯಾಗಬೇಡ. ನನ್ನ ಸಹಿಯ ಪಕ್ಕದಲ್ಲಿ ನಿನ್ನದು ಹಾಕು. ಪೆನ್ನಿನಲ್ಲಿ ಹಾಕು, ಕುಂಚದಲ್ಲಲ್ಲ. ಕೆಳಗಿನ ಬಿಳಿ ಪಟ್ಟಿಯ ಮೇಲೆ ಏನೂ ಗೀಚಬೇಡ, ಅದು ಯಂತ್ರ ಓದುವ ಜಾಗ. ಯಂತ್ರ ಎಂದ ಕೂಡಲೇ ಹುಬ್ಬು ಗಂಟಿಕ್ಕಬೇಡ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಕೂಗಾಡುತ್ತೇವೆ, ಮೂರನೇ ಮಾತಿಗೆ ನೀನು ಇಟ್ಟುಬಿಡುತ್ತೀಯ. ಚೆಕ್ಕಂತೂ ಫೋನಿನಲ್ಲಿ ಹೋಗುವುದಿಲ್ಲ. ಜಗಳ ಬೇಕಿದ್ದರೆ ಬೇರೆ ಹಾಳೆಯಲ್ಲಿ ಬರೆ, ಚೆಕ್ಕಿನ ಹಿಂಬದಿಯಲ್ಲಿ ಬೇಡ.

ನಿನ್ನ ಅಕ್ಕ

ಮಾರ್ಚ್ ೧೧

ಅಕ್ಕನಿಗೆ,

ಸಹಿ ಹಾಕಿದ್ದೇನೆ.

ಅಂಗಡಿ ಉಳಿಯಬೇಕು ಅನ್ನುವುದರಲ್ಲಿ ನನ್ನದೇನೂ ತಕರಾರಿಲ್ಲ. ಮುಖ ಊದಿಸಿಕೊಳ್ಳುವುದಕ್ಕೆ ಒಂದು ವಾರ ಬೇಕಾಗಲಿಲ್ಲ, ಒಂದು ಮಧ್ಯಾಹ್ನ ಸಾಕಾಯಿತು. ಆದರೆ ಆ ಅಂಗಡಿಯಲ್ಲಿ ಈಗ ಅಕ್ಷರ ಬರೆಯುವವರು ಯಾರು ಎಂದು ಕೇಳುವ ಹಕ್ಕು ಸಹಿ ಹಾಕಿದವನಿಗೆ ಇದೆಯೋ ಇಲ್ಲವೋ? ನಾನು ಬಿಟ್ಟು ಬಂದ ದಿನ ನಿನ್ನ ಕತ್ತರಿಸುವ ಯಂತ್ರ ಪ್ಲಾಸ್ಟಿಕ್ ಹಾಳೆಯಿಂದ ಇಡೀ ಬೀದಿಯ ಹೆಸರುಗಳನ್ನು ಕಕ್ಕುತ್ತಿತ್ತು. ಎಲ್ಲ ಅಂಗಡಿಗೂ ಒಂದೇ ಮುಖ. ಈಗ ಅದಕ್ಕೆ ಸ್ವಂತ ಮನೆ ಬೇರೆ.

ಈ ಬಂದರಿನಲ್ಲಿ ನನಗೆ ಕೈತುಂಬ ಕೆಲಸವಿದೆ. ದೋಣಿಯ ಮೈ ಬಾಗಿರುತ್ತದೆ. ಹಾಳೆಯ ಅಕ್ಷರ ಅಂಟಿಸಿದರೆ ಉಪ್ಪುನೀರಿಗೆ ತಿಂಗಳೊಪ್ಪತ್ತಿನಲ್ಲಿ ಸಿಪ್ಪೆ ಏಳುತ್ತದೆ. ಹಾಗಾಗಿ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಒಬ್ಬ ದೋಣಿ ಯಜಮಾನ ಹೋದ ವರ್ಷ ಅತ್ತೆಯ ಹೆಸರು ಬರೆಸಿದ್ದ, ಈ ವರ್ಷ ಅದನ್ನು ಅಳಿಸಿ ಹೆಂಡತಿಯ ಹೆಸರು ಬರೆಸಿದ. ಅತ್ತೆಯ ಆಸ್ತಿ ಪಾಲಾಯಿತಂತೆ.

ಸಹಿ ನೋಡು. ಚೆನ್ನಾಗಿ ಬಂದಿದೆ.

ತಮ್ಮ

ಮಾರ್ಚ್ ೨೨

ಅಕ್ಷರ ಚಕ್ರವರ್ತಿಗಳಿಗೆ,

ಚೆಕ್ಕು ವಾಪಸ್ ಬಂದಿದೆ. ಖಾತೆಯಲ್ಲಿ ಹಣವಿತ್ತು, ತಾರೀಖು ಸರಿಯಿತ್ತು, ಮೊತ್ತ ಸರಿಯಿತ್ತು. ನಿನ್ನ ಚೆಂದದ ಸಹಿಯಿಂದಲೇ ವಾಪಸ್ ಬಂದದ್ದು.

ನಡೆದದ್ದು ಹೀಗೆ. ಕನ್ನಡಕದವರು ಚೆಕ್ಕನ್ನು ತಮ್ಮ ಬ್ಯಾಂಕಿಗೆ ಹಾಕಿದರು. ಅವರ ಬ್ಯಾಂಕು ತನ್ನ ಕೈಯಿಂದ ಹಣ ಎಣಿಸಿ ಕೊಟ್ಟುಬಿಡುವುದಿಲ್ಲ. ಅದು ಚೆಕ್ಕಿನ ಚಿತ್ರ ತೆಗೆದು ಕ್ಲಿಯರಿಂಗಿಗೆ ಕಳಿಸುತ್ತದೆ, ಅಲ್ಲಿಂದ ಆ ಚಿತ್ರ ನಮ್ಮ ಬ್ಯಾಂಕಿಗೆ ಬರುತ್ತದೆ. ಕಾಗದ ಇದ್ದಲ್ಲೇ ಇರುತ್ತದೆ, ಚಿತ್ರ ಊರು ಸುತ್ತುತ್ತದೆ. ನಮ್ಮ ಬ್ಯಾಂಕಿನವರು ಅದನ್ನು ನೋಡಿ, ಖಾತೆ ತೆರೆದಾಗ ನಾವು ಹಾಕಿಕೊಟ್ಟ ಮಾದರಿ ಸಹಿಗೆ ತಾಳೆ ಹಾಕಿ, ಆಗಲಿ ಎಂದರೆ ಮಾತ್ರ ಹಣ ನಮ್ಮ ಖಾತೆಯಿಂದ ಹೊರಡುತ್ತದೆ. ನಮಗೆ ಆಗಲಿ ಎನ್ನಲಿಲ್ಲ. "ಸಹಿ ಹೊಂದುತ್ತಿಲ್ಲ" ಎಂದು ಚೀಟಿ ಹಚ್ಚಿ ಕಳಿಸಿದರು.

ನಾನು ಸುಮ್ಮನಿರುವವಳೇ? ನೇರ ಬ್ಯಾಂಕಿಗೆ ಹೋದೆ. ಸಹಿ ನೋಡುವ ಮೇಡಂ ಒಬ್ಬರಿದ್ದಾರೆ, ಮಾತು ಕಡಿಮೆ, ಕನ್ನಡಕ ಮೂಗಿನ ತುದಿಯಲ್ಲಿ. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎಡಗಡೆ ನೀನು ಅವತ್ತು ಅಮ್ಮನ ಪಕ್ಕದಲ್ಲಿ ನಿಂತು, ಮ್ಯಾಚ್ ನೋಡಲು ಓಡುವ ಆತುರದಲ್ಲಿ ಗೀಚಿದ ಸಹಿ. ಕಾಗೆ ಕಾಲು ಗುಬ್ಬಿ ಕಾಲು. ಬಲಗಡೆ ಈಗಿನದು, ಅರಮನೆಯ ಬಾಗಿಲಿಗೆ ಬರೆಯುವಂಥದ್ದು. ಮೊದಲ ಅಕ್ಷರದ ಸುಳಿ ಒಂದು, ಕೊನೆಯ ಬಾಲದ ಬಳುಕು ಒಂದು! ಮೇಡಂ ಪೆನ್ನಿನ ತುದಿಯಿಂದ ತೋರಿಸಿದರು. "ಇಲ್ನೋಡಿ, ಈ ಗೆರೆ ಮೇಲೆ ಪೆನ್ನು ಇನ್ನೊಂದ್ಸಲ ಹೋಗಿದೆ. ಇಲ್ಲೂ ತಿದ್ದಿದ್ದಾರೆ. ತಮ್ಮ ಸಹಿ ತಾವೇ ಹಾಕೋರು ತಿದ್ದೋದಿಲ್ಲ ಮೇಡಂ. ಬೇರೆಯವರ ಸಹಿ ಹಾಕೋರು ತಿದ್ದುತ್ತಾರೆ."

ಆಕೆಗೆ ಏನೆಂದು ಹೇಳಲಿ? ನನ್ನ ತಮ್ಮ ಪೋಸ್ಟ್‌ಕಾರ್ಡಿನ ವಿಳಾಸವನ್ನೂ ತಿದ್ದುತ್ತಾನೆ, ಎರಡು ಅಕ್ಷರದ ನಡುವೆ ಗಾಳಿ ಹೆಚ್ಚಾಯಿತೆಂದು ಊಟ ಬಿಡುತ್ತಾನೆ ಎಂದೆ. ನಗಲಿಲ್ಲ. "ಇರಬಹುದು," ಎಂದರು.

ಕನ್ನಡಕದಂಗಡಿಯ ಯಜಮಾನರು ಮಾತ್ರ ನೊಂದುಕೊಂಡರು. ಎದುರಿನ ಕ್ಷೌರದ ಅಂಗಡಿಯವನು ಆಗಲೇ, "ಅಕ್ಕಾ, ಚೆಕ್ ಬೌನ್ಸ್ ಆಯ್ತಂತೆ?" ಎಂದು ಬೀದಿಗೆಲ್ಲ ಕೇಳುವ ಹಾಗೆ ವಿಚಾರಿಸಿದ. ಹಣವಿಲ್ಲದೆ ಬಂದದ್ದಲ್ಲ, ಕಲೆ ಹೆಚ್ಚಾಗಿ ಬಂದದ್ದು ಎಂದು ಅವನಿಗಿಂತ ಜೋರಾಗಿ ಹೇಳಿದೆ. ಯಜಮಾನರು ಏಪ್ರಿಲ್ ಇಪ್ಪತ್ತರವರೆಗೆ ಕಾಯುತ್ತಾರೆ. ಆಮೇಲೆ ಮೊಬೈಲಿನವರಿಗೆ.

ಹೊಸ ಚೆಕ್ಕು ಇಟ್ಟಿದ್ದೇನೆ. ದಯವಿಟ್ಟು ಕೆಟ್ಟದಾಗಿ ಸಹಿ ಹಾಕು. ಒಂದೇ ಏಟಿಗೆ, ಗೀಚಿ, ಎದ್ದುಹೋಗು. ತಿರುಗಿ ನೋಡಬೇಡ.

ನಿನ್ನ ಅಕ್ಕ

ಮಾರ್ಚ್ ೨೯

ಅಕ್ಕನಿಗೆ,

ಕೆಟ್ಟದಾಗಿ ಬರೆಯುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಒಂದು ಕಟ್ಟು ಹಾಳೆ ಮುಗಿಸಿದೆ. ನನ್ನ ಸಹಿಯನ್ನೇ ನಾನು ಕದ್ದು ಬರೆಯುವ ಹಾಗೆ ಕೂತಿದ್ದೆ. ಆ ಹುಡುಗನ ಕೈ ಈಗ ನನ್ನ ಹತ್ತಿರ ಇಲ್ಲ. ಅವನು ಬೆರಳಿನಿಂದ ಬರೆಯುತ್ತಿದ್ದ. ನಾನು ದೋಣಿಯ ಮೈಗೆ ಇಳಿಬಿಟ್ಟ ಹಗ್ಗದ ತೊಟ್ಟಿಲಲ್ಲಿ ತೂಗಾಡುತ್ತಾ ಭುಜದಿಂದ ಬರೆಯುತ್ತೇನೆ, ಒಂದೊಂದು ಅಕ್ಷರ ನನ್ನಷ್ಟೇ ಎತ್ತರ. ಚೆಕ್ಕಿನ ಆ ಇಕ್ಕಟ್ಟಿನಲ್ಲಿ ಕೈ ಇಟ್ಟರೆ ಮಗುವಿನ ಅಂಗಿಗೆ ತೋಳು ತೂರಿಸಿದಂತಾಗುತ್ತದೆ.

ಆದಷ್ಟು ಅಂದಗೆಡಿಸಿ ಹಾಕಿ ಕಳಿಸಿದ್ದೇನೆ. ಒಪ್ಪಿದರೆ ನಿನ್ನ ಪುಣ್ಯ.

ಇನ್ನೊಂದು ಮಾತು. ಯಂತ್ರ ಬಂತೆಂದು ನಾನು ಮನೆ ಬಿಟ್ಟೆ ಎಂದು ನೀನು ಊರಿಗೆಲ್ಲ ಹೇಳಿರುತ್ತೀಯ. ಯಂತ್ರ ಬಂದದ್ದಕ್ಕಲ್ಲ. ಅಮ್ಮ ಹೋಗಿ ವರ್ಷ ತುಂಬುವ ಮೊದಲೇ ಅಮ್ಮನ ಮೇಜನ್ನು ಎತ್ತಿಸಿ ಆ ಜಾಗದಲ್ಲಿ ಅದನ್ನು ಇಟ್ಟೆಯಲ್ಲ, ಅದಕ್ಕೆ. ಅಂಗಡಿಯಲ್ಲಿ ಬೇರೆ ಮೂಲೆಯೇ ಇರಲಿಲ್ಲವೇನು?

ಆ ಖಾತೆಗೆ ಇಬ್ಬರಲ್ಲಿ ಯಾರಾದರೂ ಒಬ್ಬರ ಸಹಿ ಸಾಕು ಎಂದು ಮಾಡಿಸಲು ಏನೋ ಅರ್ಜಿ ಇರಬೇಕು. ಕೇಳಿ ಕಳಿಸು. ನೀನು ನೀನೇ ನಡೆಸಿಕೊಂಡು ಹೋಗು. ಹೇಗೂ ನನ್ನನ್ನು ಕೇಳುವ ಅಭ್ಯಾಸ ನಿನಗಿಲ್ಲ.

ತಮ್ಮ

ಏಪ್ರಿಲ್ ೫

ತಮ್ಮನಿಗೆ,

ಈ ಸಲ ಚೆಕ್ಕನ್ನು ಯಜಮಾನರ ಕೈಗೆ ಕೊಡದೆ ಮೊದಲು ಮೇಡಂಗೆ ತೋರಿಸಿದೆ. ಎರಡು ಸಲ ವಾಪಸ್ ಬಂದರೆ ನಾನು ಆ ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ಆಕೆ ಬೆಳಕಿಗೆ ಹಿಡಿದು ನೋಡಿದರು. "ಇದು ಹಾಕಿದ ಸಹಿ ಅಲ್ಲ ಮೇಡಂ, ಬರೆದ ಚಿತ್ರ. ನಿಧಾನಕ್ಕೆ ಬರೆದಿದ್ದಾರೆ, ಪೆನ್ನು ನಿಂತು ನಿಂತು ಹೋಗಿದೆ," ಎಂದರು. ಅವರದು ಸರಿ. ನೀನು ಕೊಳಕನ್ನೂ ಅಚ್ಚುಕಟ್ಟಾಗಿ ಮಾಡಿದ್ದೀಯ.

ದಾರಿ ಎರಡಿವೆ. ಒಂದು, ನೀನೇ ಇಲ್ಲಿಗೆ ಬಂದು ಹೊಸ ಮಾದರಿ ಸಹಿ ಕೊಡುವುದು. ಇನ್ನೊಂದು, ನಿನ್ನ ಬಂದರಿನಲ್ಲೇ ಇದೇ ಬ್ಯಾಂಕಿನ ಶಾಖೆ ಇದೆಯಂತೆ, ಗುರುತಿನ ಚೀಟಿ ತೆಗೆದುಕೊಂಡು ಅಲ್ಲಿಗೆ ಹೋದರೆ ಅವರ ಎದುರಿಗೇ ಸಹಿ ಮಾಡಿಸಿಕೊಂಡು, ಇವನೇ ಅವನು ಎಂದು ದೃಢಪಡಿಸಿ ಇಲ್ಲಿಗೆ ಕಳಿಸುತ್ತಾರೆ. ಎರಡನೆಯದನ್ನು ನಿನಗೆ ಹೇಳದೆ ಇದ್ದುಬಿಡೋಣ ಅನ್ನಿಸಿತ್ತು. ಬ್ಯಾಂಕಿನಿಂದ ಅಂಗಡಿಯವರೆಗೆ ಅದನ್ನೇ ಯೋಚಿಸುತ್ತಾ ಬಂದೆ. ನೀನು ಬರಬೇಕು ಎಂದು ನನಗೆ ಆಸೆ ಇದೆ, ಅದನ್ನು ಮುಚ್ಚಿಡುವುದೇನಿದೆ. ಆದರೆ ಬ್ಯಾಂಕಿನ ಕಾರಣಕ್ಕೆ ಬಂದವನು ಬ್ಯಾಂಕಿನ ಕೆಲಸ ಮುಗಿದ ಕೂಡಲೇ ಹೊರಡುತ್ತಾನೆ. ಅಂಥ ಬರುವಿಕೆ ನನಗೆ ಬೇಡ. ಹತ್ತಿರದ ಶಾಖೆಗೆ ಹೋಗು.

ಮೇಜಿನ ಮಾತು. ನೀನು ಕೇಳಿದ್ದು ಒಳ್ಳೆಯದಾಯಿತು, ಮೂರು ವರ್ಷ ಮೊದಲೇ ಕೇಳಿದ್ದರೆ ಇನ್ನೂ ಒಳ್ಳೆಯದಿತ್ತು. ಅಮ್ಮ ಹೋದ ಮೇಲೆ ಆ ಮೇಜಿನ ಮುಂದೆ ಕೂತು ನನಗೆ ಒಂದಕ್ಷರ ಬರೆಯಲಾಗುತ್ತಿರಲಿಲ್ಲ. ಕೈ ನಡುಗುತ್ತಿತ್ತು. ಒಬ್ಬ ಗಿರಾಕಿಯ ಬೋರ್ಡನ್ನು ಹಾಳು ಮಾಡಿದೆ, ಇನ್ನೊಬ್ಬರದನ್ನೂ ಹಾಳು ಮಾಡಿದೆ. ನೀನು ಆಗ ಊರೂರು ಗೋಡೆ ಬರೆಯುತ್ತಾ ತಿರುಗುತ್ತಿದ್ದೆ. ಹೊಟ್ಟೆಪಾಡಿಗೆ ಯಂತ್ರ ತಂದೆ. ಮೇಜನ್ನು ಮನೆಗೆ ಸಾಗಿಸಿದೆ. ಈಗ ಕೈ ನೆಟ್ಟಗಾಗಿದೆ. ಆಸ್ಪತ್ರೆಯ ಕೋಣೆ ನಂಬರು, ಲಿಫ್ಟಿನ ಪಕ್ಕದ ಬಾಣ, ಇಂಥವು ಯಂತ್ರಕ್ಕೆ. ಮಿಕ್ಕಿದ್ದು ನಾನೇ ಬರೆಯುತ್ತೇನೆ. ಹೋದ ತಿಂಗಳು ಬೇಕರಿಯವರ ಗಾಜಿನ ಮೇಲೆ ಒಳಗಿನಿಂದ ತಿರುಗುಮುರುಗಾಗಿ ಬರೆದೆ, ಬಂಗಾರದ ಬಣ್ಣದಲ್ಲಿ. ನಿನಗೂ ತಪ್ಪು ಸಿಗುತ್ತಿರಲಿಲ್ಲ. ಸರಿ, ಒಂದು ಸಿಗುತ್ತಿತ್ತು.

ಮೊಬೈಲಿನವರು ನಿನ್ನೆ ಟೇಪು ಹಿಡಿದು ನಮ್ಮ ಗೋಡೆ ಅಳೆಯಲು ಬಂದಿದ್ದರು. "ಸುಮ್ನೆ ಅಳೀತಿದ್ದೀವಿ ಅಷ್ಟೇ ಮೇಡಂ," ಎಂದರು. ಅಳೆಯುವುದಾದರೆ ಅಳೆಯಿರಿ, ಒಳ್ಳೆಯ ವ್ಯಾಯಾಮ ಎಂದು ಏಣಿ ಕೊಟ್ಟೆ.

ನೀನು ಕೇಳಿದ ಅರ್ಜಿಯನ್ನೂ ಇಟ್ಟಿದ್ದೇನೆ. ಅದಕ್ಕೂ ಇಬ್ಬರ ಸಹಿ ಬೇಕಂತೆ. ನನ್ನದನ್ನು ಹಾಕಿಲ್ಲ. ಇನ್ನೊಂದು ಚೆಕ್ಕೂ ಇದೆ.

ನಿನ್ನ ಅಕ್ಕ

ಏಪ್ರಿಲ್ ೧೨

ಅಕ್ಕನಿಗೆ,

ಶಾಖೆಗೆ ಹೋಗಿ ಬಂದೆ. ಅಂಗಿ ತುಂಬ ಬಣ್ಣವಿತ್ತು, ಕಾವಲಿನವನು ಬಾಗಿಲಲ್ಲೇ, "ಪೇಂಟಿಂಗ್ ಕೆಲಸಕ್ಕಾ? ಹಿಂದಿನ ಗೇಟಿಂದ ಬನ್ನಿ," ಎಂದ. ಖಾತೆ ಇದೆ ಎಂದೆ. ಹೌದಾ ಎಂದು ಮೇಲಿಂದ ಕೆಳಗೆ ನೋಡಿ ಒಳಗೆ ಬಿಟ್ಟ.

ಒಬ್ಬ ಹೆಂಗಸು ಕಾರ್ಡು ಮುಂದಿಟ್ಟರು, ಮೂರು ಚೌಕ. ಮೂರರಲ್ಲೂ ಸಹಿ ಮಾಡಿ ಎಂದರು. ಮಾಡಿದೆ. ಅವರು ನೋಡಿ, "ಸರ್, ಮೂರೂ ಒಂದೇ ಥರ ಇರಬೇಕಲ್ವಾ?" ಎಂದರು. ಮೊದಲನೆಯದಕ್ಕಿಂತ ಎರಡನೆಯದು ವಾಸಿ, ಎರಡನೆಯದಕ್ಕಿಂತ ಮೂರನೆಯದು ವಾಸಿ ಎಂದು ವಿವರಿಸಿದೆ. "ವಾಸಿ ಬೇಡ ಸರ್, ಒಂದೇ ಥರ ಬೇಕು," ಎಂದು ಹೊಸ ಕಾರ್ಡು ಕೊಟ್ಟರು. ಅದೂ ಕೆಟ್ಟಿತು. ನನ್ನ ಹಿಂದೆ ಸಾಲು ಬೆಳೆಯಿತು. ಕೊನೆಗೆ ಆಕೆ ಪೆನ್ನು ನನ್ನ ಕೈಗಿಟ್ಟು, "ಸರ್, ಹೊರಗೆ ಮನೆಯವರು ಯಾರೋ ಕಾಯ್ತಿದ್ದಾರೆ ಅಂದ್ಕೊಳ್ಳಿ. ಹೊರಟಿದ್ದೀರಿ. ಹೋಗ್ತಾ ಹೋಗ್ತಾ ಹಾಕಿ," ಎಂದರು.

ಹಾಕಿದೆ. ಮೂರೂ ಒಂದೇ ಥರ ಬಂದವು. ಚೆಂದವೇನಿಲ್ಲ. ಆದರೆ ಕೈ ಎಲ್ಲೂ ನಿಲ್ಲಲಿಲ್ಲ. ಚೆಕ್ಕಿಗೂ ಅಲ್ಲೇ, ಅದೇ ಉಸಿರಿನಲ್ಲಿ ಹಾಕಿಬಿಟ್ಟೆ. ಮನೆಗೆ ತಂದಿದ್ದರೆ ತಿದ್ದುತ್ತಿದ್ದೆ.

ನಿನ್ನ ಕೈ ನಡುಗುತ್ತಿತ್ತೆಂದು ನನಗೆ ಯಾರೂ ಹೇಳಲಿಲ್ಲ. ನೀನೂ ಹೇಳಲಿಲ್ಲ. ಆ ಕಾಗದವನ್ನು ದೋಣಿಯ ನೆರಳಿನಲ್ಲಿ ಕೂತು ಓದಿದೆ, ಅವತ್ತು ಕೆಲಸ ಆಗಲಿಲ್ಲ. ನನಗೆ ತುಂಬ ಬೇಜಾರಾಯಿತು ಅಕ್ಕ. ಸಿಟ್ಟು ಯಾರ ಮೇಲೆ ಹಾಕಬೇಕೋ ತಿಳಿಯದೆ ಆ ಅತ್ತೆ-ಹೆಂಡತಿ ಯಜಮಾನನ ಮೇಲೆ ಹಾಕಿದೆ.

ಅರ್ಜಿಗೂ ಸಹಿ ಮಾಡಿದ್ದೇನೆ. ಸಿಟ್ಟಿನಿಂದಲ್ಲ. ಇನ್ನು ಮುಂದೆ ನನ್ನ ಸಹಿಗಾಗಿ ನೀನು ಯಾರ ಮುಂದೆಯೂ ನಿಲ್ಲುವುದು ಬೇಡ. ನಿನ್ನದನ್ನೂ ಹಾಕಿ ಕೊಟ್ಟುಬಿಡು.

ತಮ್ಮ

ಏಪ್ರಿಲ್ ೨೪

ತಮ್ಮನಿಗೆ,

ಮುಂಗಡ ಹೋಯಿತು, ಅಂಗಡಿ ನಮಗೇ ಎಂದು ಗಟ್ಟಿಯಾಯಿತು!

ಚೆಕ್ಕು ಈ ಸಲ ಎಲ್ಲೂ ಎಡವಲಿಲ್ಲ, ಗಡುವಿನೊಳಗೇ ದಾಟಿತು. ನಿನ್ನ ಹೊಸ ಮಾದರಿ ಅಷ್ಟರಲ್ಲಿ ಇಲ್ಲಿಗೆ ಬಂದಿತ್ತು. ಮೇಡಂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಮೊದಲ ಸಲ ನಕ್ಕರು. "ಈಗ ಮನುಷ್ಯರ ಸಹಿ ಥರ ಇದೆ," ಎಂದರು. ಕನ್ನಡಕದವರು ತಾವೇ ಬಂದು ಕೈಕುಲುಕಿದರು, ಅವರ ಕಣ್ಣು ಒದ್ದೆಯಾಗಿತ್ತು. ನಾನಂತೂ ಅಳಲಿಲ್ಲ, ಅವರು ಹೋಗುವವರೆಗೆ. ಮೊಬೈಲಿನವರಿಗೆ ಪಕ್ಕದ ಭಾಗ ಸಿಕ್ಕಿದೆ. ಅವರ ಬೋರ್ಡು ಬರೆಯುವ ಕೆಲಸ ನಾನೇ ಹಿಡಿದಿದ್ದೇನೆ, ಸುಮ್ಮನೆ ಬಿಡುತ್ತೇನೆಯೇ?

ಕ್ಷೌರದ ಅಂಗಡಿಯವನಿಗೆ, "ಚೆಕ್ಕು ಪಾಸಾಯಿತು," ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ.

ಇನ್ನು ಅರ್ಜಿ. ನನ್ನ ಸಹಿ ಹಾಕಿ ಬ್ಯಾಂಕಿಗೆ ಒಯ್ದೆ. ಕೌಂಟರಿನ ಮೇಲೆ ಇಟ್ಟೆ. ಮೇಡಂ ಮೊಹರು ಎತ್ತಿಕೊಂಡರು. ನಾನು ಅರ್ಜಿಯ ಮೇಲೆ ಕೈಯಿಟ್ಟೆ. "ಯಾಕೆ ಮೇಡಂ? ಇದನ್ನ ಕೊಟ್ರೆ ನಿಮಗೇ ಅನುಕೂಲ. ಪ್ರತಿ ಸಲ ಪೋಸ್ಟು, ಕಾಯೋದು, ಎಲ್ಲಾ ತಪ್ಪುತ್ತೆ," ಎಂದರು.

"ತಪ್ಪೋದು ಬೇಡ ಅಂತಲೇ ವಾಪಸ್ ತಗೊಂಡು ಹೋಗ್ತಿದ್ದೀನಿ," ಎಂದೆ. ಮತ್ತೆ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ. ದಾರಿಯಲ್ಲಿ ಹರಿದೆ.

ಅಮ್ಮ ನಮ್ಮನ್ನು ನಂಬದೆ ಹಾಗೆ ಮಾಡಿದಳೆಂದು ನೀನು ಅಂದುಕೊಂಡಿದ್ದೆ, ನಾನೂ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಮೂರು ವರ್ಷ ನಿನ್ನಿಂದ ಒಂದು ಸಾಲು ಬರಲಿಲ್ಲ. ಈ ಚೆಕ್ಕು ಓಡಾಡಲು ಶುರುವಾದ ಮೇಲೆ ನಿನ್ನ ಕಾಗದಗಳು ಬಂದವು. ಬ್ಯಾಂಕಿನ ಕೆಲಸ ಎಂದು ನೆಪ ಹೇಳಿಕೊಂಡು ನಾನು ಅವನ್ನು ಮತ್ತೆ ಮತ್ತೆ ಓದಿದೆ. ಒಬ್ಬರ ಸಹಿ ಸಾಕು ಎಂದಾದರೆ ನೀನು ನನಗೆ ಬರೆಯುವ ಕಾರಣವೇ ಇರುವುದಿಲ್ಲ. ನನಗೆ ಅನುಕೂಲ ಬೇಡ.

ಇದರ ಜೊತೆ ಒಂದು ಚೆಕ್ಕು ಇಟ್ಟಿದ್ದೇನೆ. ಅಂಗಡಿಯ ಕರೆಂಟ್ ಬಿಲ್ಲಿನದು. ನನ್ನ ಖಾತೆಯಿಂದಲೇ ಕಟ್ಟಬಹುದಿತ್ತು. ಆದರೂ ನಿನ್ನ ಸಹಿ ಹಾಕಿ ಕಳಿಸು.

ನಿನ್ನ ಅಕ್ಕ

ಮೇ ೨

ಅಕ್ಕಾ,

ಚೆಕ್ಕಿಗೆ ಸಹಿ ಹಾಕಲು ಕೂತವನು ಹಾಕದೆ ಎದ್ದೆ. ಅಂಕಿಯಲ್ಲಿ ಒಂದು ಮೊತ್ತ ಬರೆದಿದ್ದೀಯ, ಅಕ್ಷರದಲ್ಲಿ ಇನ್ನೊಂದು. ಇದನ್ನು ಯಾವ ಬ್ಯಾಂಕೂ ಒಪ್ಪುವುದಿಲ್ಲ, ಆ ಮೇಡಂ ಕಣ್ಣಿಗೆ ಬಿದ್ದರೆ ಕೇಳುವುದೇ ಬೇಡ. ಸೊನ್ನೆ ದುಂಡಗಿಲ್ಲವೆಂದು ಒಣಗಿದ ಬೋರ್ಡನ್ನು ಅಳಿಸಿ ಬರೆಸುವವಳು ನೀನು. ಕಣ್ತಪ್ಪಿನಿಂದ ಹೀಗೆ ಬರೆದೆ ಎಂದರೆ ಬೇರೆಯವರು ನಂಬಬಹುದು, ನಾನು ನಂಬುವುದಿಲ್ಲ.

ಬ್ಯಾಂಕಿನವರು ಕಳಿಸುವ ಮೊದಲು ನಾನೇ ವಾಪಸ್ ಕಳಿಸುತ್ತಿದ್ದೇನೆ. ಕರೆಂಟ್ ಬಿಲ್ಲನ್ನು ನಿನ್ನ ಖಾತೆಯಿಂದ ಕಟ್ಟಿಬಿಡು, ಅಂಗಡಿ ಕತ್ತಲಾಗುವುದು ಬೇಡ. ನನಗೆ ಇನ್ನೊಂದು ಚೆಕ್ಕು ಬರೆದು ಕಳಿಸು. ಅದರಲ್ಲೂ ಏನಾದರೂ ತಪ್ಪಿರಲಿ.

ನಿನ್ನ ತಮ್ಮ